ಅರಬೈಲ್ ಘಟ್ಟ ಹತ್ತೋ ಮುಂಚೆ: ಹೃದಯ ನಿಂತು ಮರಳಿದ ದಮ್ಮಿನ ರೋಗಿಗೆ ಆಕ್ಸಿಜನ್ ಎಷ್ಟು?

ಕರಿಎಲೆ_ತೋಟ (ಅಂಕೋಲಾ) · ಸಂಜೆ 6:40
ಆಂಬ್ಯುಲೆನ್ಸ್ ಸಿಬ್ಬಂದಿ ತರಬೇತಿಗೆ ಒಂದು ಕಲ್ಪಿತ ಕೇಸ್ ಬರೀತಾ ಇದ್ದೇನೆ. ಒಂದು ಕಡೆ ಗಂಟು ಬಿದ್ದಿದೆ, ತಿಳಿದವರು ಬಿಡಿಸಿ.

62 ವರ್ಷದ ಹೆಂಗಸು, ಎತ್ತರ 152 ಸೆಂ.ಮೀ. ಬೀಡಿ, ಸಿಗರೇಟು ಇಲ್ಲ. ಅಡಿಗೆ ಒಲೆ, ಬಚ್ಚಲೊಲೆ ಹೊಗೆ ನಲವತ್ತು ವರ್ಷ. ಚೀಟಿಯಲ್ಲಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಗಾಳಿ ಒಳಗೇ ಸಿಕ್ಕಿಕೊಳ್ಳೋ ದೀರ್ಘಕಾಲದ ಕಾಯಿಲೆ) ಅಂತ ಬರೆದಿದೆ. ದಮ್ಮು ಏರಿ ತಾಲೂಕು ಆಸ್ಪತ್ರೆ ಬಾಗಿಲಲ್ಲೇ ಹೃದಯ ನಿಂತಿತು. ಮಾನಿಟರಿನಲ್ಲಿ ಪಿಇಎ, ಅಂದರೆ ಗೆರೆ ಓಡ್ತಿದೆ, ನಾಡಿ ಇಲ್ಲ. 8 ನಿಮಿಷ ಸಿಪಿಆರ್ (ಎದೆ ಒತ್ತಿ ಉಸಿರು ಕೊಡೋದು), ಅಡ್ರಿನಲಿನ್ 1 ಮಿ.ಗ್ರಾಂ ಎರಡು ಸಲ, ನಾಡಿ ಬಂತು. ಶ್ವಾಸನಾಳಕ್ಕೆ ಟ್ಯೂಬ್ ಹಾಕಿದೆ. ಅಂಬು ಬ್ಯಾಗಿಗೆ (ಕೈಯಲ್ಲಿ ಹಿಂಡಿ ಉಸಿರು ಕೊಡೋ ಚೀಲ) ನಿಮಿಷಕ್ಕೆ 15 ಲೀಟರ್ ಆಕ್ಸಿಜನ್, ರಕ್ತದ ಆಕ್ಸಿಜನ್ ಸ್ಯಾಚುರೇಶನ್ ಶೇ. 99. ಬಿಪಿ 80/50, ಇನ್ನೂ ಇಳೀತಾ ಇದೆ. ಹತ್ತಿರದಲ್ಲಿ ವೆಂಟಿಲೇಟರ್ ಬೆಡ್ ಖಾಲಿ ಇಲ್ಲ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೊರಡಬೇಕು, ಮೂರು ಗಂಟೆ ದಾರಿ.

ಸಿಒಪಿಡಿ ಪಾಠದಲ್ಲಿ 88ರಿಂದ 92 ಸಾಕು ಅಂತಾರೆ. ಹೃದಯಸ್ತಂಭನದ ಪಾಠದಲ್ಲಿ 94ರಿಂದ 98. ಈಕೆಗೆ ಯಾವುದು?

ಕಾಳಿ_ದಂಡೆ · 6:52
88-92. ಸಿಒಪಿಡಿಗೆ ಆಕ್ಸಿಜನ್ ಹೆಚ್ಚು ಕೊಟ್ಟರೆ ಉಸಿರಾಟವೇ ನಿಲ್ಲುತ್ತೆ, ಇದು ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ.

ಮರಳುದಿಬ್ಬ · 6:58
ಟ್ಯೂಬ್ ಹಾಕಿ ಬ್ಯಾಗ್ ಹಿಂಡ್ತಾ ಇದ್ದಾರೆ ಮಾರಾಯ್ರೆ. ಉಸಿರು ನಿಲ್ಲೋಕೆ ಅವರು ಉಸಿರಾಡ್ತಾ ಎಲ್ಲಿದ್ದಾರೆ?

ದೇವಿಮನೆ_ತಿರುವು · 7:15
ಎರಡೂ ಸಂಖ್ಯೆ ಎಲ್ಲಿಂದ ಬಂದವು ಅಂತ ನೋಡಿದರೆ ಅರ್ಧ ಗಂಟು ಬಿಚ್ಚುತ್ತೆ.

88-92ಕ್ಕೆ ದೊಡ್ಡ ಆಧಾರ 2010ರ ಟಾಸ್ಮೇನಿಯಾ ಅಧ್ಯಯನ. ಆಂಬ್ಯುಲೆನ್ಸ್‌ನಲ್ಲೇ ನಡೆದದ್ದು, ಉಬ್ಬಸ ಏರಿದ 405 ಜನ. ಒಂದು ಗುಂಪಿಗೆ ಮಾಸ್ಕಿನಲ್ಲಿ ಜೋರು ಆಕ್ಸಿಜನ್, ಇನ್ನೊಂದಕ್ಕೆ ಮೂಗಿನ ನಳಿಗೆಯಲ್ಲಿ ಅಳೆದು 88-92. ಸಾವು ಶೇ. 9 ಮತ್ತು ಶೇ. 4. ಸಿಒಪಿಡಿ ಖಚಿತವಾದವರನ್ನಷ್ಟೇ ಎಣಿಸಿದರೆ ಶೇ. 9 ಮತ್ತು ಶೇ. 2. ಆದರೆ ಅವರೆಲ್ಲ ತಾವೇ ಉಸಿರಾಡ್ತಾ ಇದ್ದವರು.

ಸ್ತಂಭನದ ಕಡೆ 2022ರ ಎಕ್ಸಾಕ್ಟ್ ಅಧ್ಯಯನ, ಅದೂ ಆಸ್ಟ್ರೇಲಿಯಾದ್ದೇ. ನಾಡಿ ಮರಳಿದ ಕೂಡಲೇ ಆಂಬ್ಯುಲೆನ್ಸ್‌ನಲ್ಲಿ ಒಂದು ಗುಂಪಿಗೆ 90-94, ಇನ್ನೊಂದಕ್ಕೆ 98-100. ಕೋವಿಡ್ ಬಂದು ಅರ್ಧಕ್ಕೆ ನಿಂತಿತು, 425 ಜನರ ಲೆಕ್ಕ ಸಿಕ್ಕಿತು. ಬದುಕಿ ಮನೆಗೆ ಹೋದವರು ಕಡಿಮೆ ಆಕ್ಸಿಜನ್ ಗುಂಪಿನಲ್ಲಿ ಶೇ. 38.3, ಹೆಚ್ಚಿನ ಗುಂಪಿನಲ್ಲಿ ಶೇ. 47.9. ಕಡಿಮೆ ಮಾಡಲು ಹೋದ ಕಡೆ ಸ್ಯಾಚುರೇಶನ್ 90ರ ಕೆಳಗೆ ಜಾರಿದ್ದು ಹೆಚ್ಚು ಕಡಿಮೆ ಎರಡು ಪಟ್ಟು. ಓಡುವ ಗಾಡಿಯಲ್ಲಿ 92ರಲ್ಲಿ ಹಿಡಿದು ನಿಲ್ಲಿಸೋದು ಬಾಯಿಮಾತಿನಷ್ಟು ಸುಲಭ ಅಲ್ಲ.

ಕಾಳಿ_ದಂಡೆ · 7:21
ಆ ಎಕ್ಸಾಕ್ಟ್‌ನವರು ಹೃದಯದ ಕಾರಣಕ್ಕೇ ಬಿದ್ದವರು ಅನ್ನೋ ಅಂದಾಜಿನ ರೋಗಿಗಳು. ಶ್ವಾಸಕೋಶ ಹಾಳಾಗಿ ಬಿದ್ದವರಿಗೆ ಅದನ್ನ ಹಾಗೇ ಎತ್ತಿ ಹಾಕೋದು ಸರಿಯಾ?

ದೇವಿಮನೆ_ತಿರುವು · 7:24
ಒಪ್ಪಿದೆ. ಹಾಗೇ ಟಾಸ್ಮೇನಿಯಾದ್ದನ್ನೂ ಟ್ಯೂಬ್ ಹಾಕಿದವರಿಗೆ ಎತ್ತಿ ಹಾಕಬೇಡಿ.

ವೆಂಟಿ_ಮಾಣಿ · 7:40
ಎಲ್ಲರೂ ಆಕ್ಸಿಜನ್ ಹಿಡ್ಕಂಡು ಕೂತಿದ್ದೀರಿ. ಕೇಸಿನಲ್ಲಿ ಬಿಪಿ 80/50, ಇಳೀತಾ ಇದೆ ಅಂತ ಬರೆದದ್ದು ಯಾರೂ ಓದಲಿಲ್ಲವಾ? ಕರಿಎಲೆಯವರೇ, ಬ್ಯಾಗನ್ನು ನಿಮಿಷಕ್ಕೆ ಎಷ್ಟು ಸಲ ಹಿಂಡ್ತಿದ್ದಾರೆ?

ಕರಿಎಲೆ_ತೋಟ · 7:43
28. ಬೇಕೂ ಅಂತಲೇ ಹಾಗೆ ಇಟ್ಟಿದ್ದು, ಎರಡು ಕೈಯಲ್ಲಿ ಪೂರ್ತಿ ಹಿಂಡ್ತಾ ಇದ್ದಾರೆ. ಯಾರು ಮೊದಲು ಕೇಳ್ತಾರೆ ಅಂತ ನೋಡ್ತಿದ್ದೆ.

ಮರಳುದಿಬ್ಬ · 7:44
ಕಳ್ಳ!

ವೆಂಟಿ_ಮಾಣಿ · 8:05
ಹಾಗಾದರೆ ಉತ್ತರ ಅಲ್ಲೇ ಇದೆ. ಲೆಕ್ಕ ಹಾಕಿ ನೋಡಿ.

ನಿಮಿಷಕ್ಕೆ 28 ಅಂದರೆ ಒಂದು ಸುತ್ತಿಗೆ 2.1 ಸೆಕೆಂಡ್. ಗಾಳಿ ಒಳಗೆ ಹೋಗೋಕೆ 1 ಸೆಕೆಂಡ್ ಹೋಯ್ತು. ಹೊರಗೆ ಬರೋಕೆ ಉಳಿದದ್ದು 1.1. ಸಿಒಪಿಡಿಯಲ್ಲಿ ಸಣ್ಣ ಶ್ವಾಸನಾಳಗಳು ಹೊರಗೆ ಬಿಡುವಾಗಲೇ ಕುಸಿಯೋದು, ಅಷ್ಟರಲ್ಲಿ ಗಾಳಿ ಖಾಲಿ ಆಗೋದಿಲ್ಲ. ಮೇಲಿಂದ ಇನ್ನೊಂದು ಉಸಿರು ತುಂಬ್ತೀರಿ. ಎದೆ ಪೀಪಾಯಿ ಆಗ್ತದೆ, ಒಳಗಿನ ಒತ್ತಡಕ್ಕೆ ರಕ್ತ ಹೃದಯಕ್ಕೆ ವಾಪಸ್ ಬರೋದಿಲ್ಲ, ಬಿಪಿ ಬೀಳ್ತದೆ. ಹೀಗೇ ಬಿಟ್ಟರೆ ಹೃದಯ ಇನ್ನೊಂದು ಸಲ ನಿಲ್ತದೆ, ಅದೂ ಪಿಇಎ ರೂಪದಲ್ಲೇ. ಇದಕ್ಕೆ ಆಟೊ-ಪೀಪ್ ಅಂತ ಹೆಸರು.

ಮಾಡಬೇಕಾದ್ದು: ಟ್ಯೂಬಿನಿಂದ ಬ್ಯಾಗ್ ಕಳಚಿ. 10ರಿಂದ 20 ಸೆಕೆಂಡ್ ಬಿಡಿ. ಕಿವಿಕೊಟ್ಟರೆ ಗಾಳಿ ಸುಯ್ಯಂತ ಹೊರಗೆ ಬರೋದು ಕೇಳ್ತದೆ. ಬೇಕಾದರೆ ಪಕ್ಕೆಲುಬಿನ ಎರಡೂ ಕಡೆ ಕೈ ಇಟ್ಟು ಮೆಲ್ಲಗೆ ಒತ್ತಿ ಕೊಡಿ. ಬಿಪಿ ಏರಿತು ಅಂದರೆ ಅದೇ ರೋಗ, ಅದೇ ಮದ್ದು. ಏರಲಿಲ್ಲ, ಒಂದು ಕಡೆ ಎದೆ ಆಡ್ತಿಲ್ಲ, ಉಸಿರಿನ ಸದ್ದಿಲ್ಲ ಅಂದರೆ ಟೆನ್ಷನ್ ನ್ಯೂಮೊಥೊರಾಕ್ಸ್ (ಶ್ವಾಸಕೋಶದ ಹೊರಗೆ ಗಾಳಿ ಸೇರಿ ಒತ್ತೋದು) ಹುಡುಕಿ. ಸಿಪಿಆರ್ ಆದ ಎದೆ, ಪಕ್ಕೆಲುಬು ಮುರಿದಿರ್ತದೆ, ಮೇಲಿಂದ ಅಷ್ಟು ಒತ್ತಡದಲ್ಲಿ ಗಾಳಿ. ಎರಡೂ ಸೇರಿದರೆ ಆಶ್ಚರ್ಯ ಏನಿಲ್ಲ.

ಅಘನಾಶಿನಿ_ನರ್ಸ್ · 8:12
ವೆಂಟಿ ಮಾಣಿ ಹೇಳಿದ್ದು ನೂರಕ್ಕೆ ನೂರು ಸರಿ. ತರಬೇತಿ ಹಾಳೆಯಲ್ಲಿ ಇದನ್ನೇ ದಪ್ಪ ಅಕ್ಷರದಲ್ಲಿ ಹಾಕಿ. ನಮ್ಮಲ್ಲಿ ಬ್ಯಾಗ್ ಕೈಗೆ ಸಿಕ್ಕವರು ಭಯಕ್ಕೆ ಹಿಂಡ್ತಾರೆ. ಡ್ರೈವರ್ ಗಾಡಿ ಜೋರು ಓಡಿಸಿದಷ್ಟೂ ಕೈ ಜೋರು ಓಡ್ತದೆ.

ದೇವಿಮನೆ_ತಿರುವು · 8:20
ಭಯ ಎಲ್ಲ ದೇಶದಲ್ಲೂ ಅಷ್ಟೇ. 2004ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಅಳೆದರು. ಸಿಪಿಆರ್ ನಡೆಯುವಾಗ ತರಬೇತಾದ ಸಿಬ್ಬಂದಿಯೇ ಸರಾಸರಿ ನಿಮಿಷಕ್ಕೆ 30 ಸಲ ಉಸಿರು ಕೊಡ್ತಿದ್ದರು. ಅದೇ ತಂಡ ಹಂದಿಗಳ ಮೇಲೆ ನೋಡಿತು: 12 ಸಲ ಕೊಟ್ಟ 7ರಲ್ಲಿ 6 ಉಳಿದವು, 30 ಸಲ ಕೊಟ್ಟ 7ರಲ್ಲಿ 1. ಅವಕ್ಕೆ ಸಿಒಪಿಡಿ ಬೇರೆ ಇರಲಿಲ್ಲ.

ಗುಡ್ಡೆಹಳ್ಳಿ · 8:26
ಒಂದು ಸಂಶಯ. ಬ್ಯಾಗ್ ನಿಧಾನ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಏರೋದಿಲ್ವಾ? ಮಿದುಳಿಗೆ ಅದು ಕೆಟ್ಟದ್ದಲ್ವಾ?

ವೆಂಟಿ_ಮಾಣಿ · 8:41
ಏರ್ತದೆ. ಏರಲಿ ಬಿಡಿ, ಒಂದು ಮಿತಿವರೆಗೆ. ರಕ್ತದ ಆಮ್ಲೀಯತೆ ತೋರಿಸೋ ಪಿಎಚ್ 7.2ರ ಮೇಲಿದ್ದರೆ ಸಿಒಪಿಡಿಯಲ್ಲಿ ಸಹಿಸಿಕೊಳ್ತಾರೆ. ಈಕೆಯ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ವರ್ಷಗಳಿಂದ 50-55 (ಮಿ.ಮೀ. ಪಾದರಸ) ಇದ್ದಿರಬಹುದು, ಅದನ್ನು 40ಕ್ಕೆ ಎಳೆದು ತರೋ ಹಠ ಬೇಡ. ಸ್ತಂಭನದ ನಂತರ ಬೇಕೆಂದೇ 50-55ರಲ್ಲಿ ಇಟ್ಟರೆ ಮಿದುಳಿಗೆ ರಕ್ತ ಹೆಚ್ಚು ಹರಿದು ಒಳ್ಳೇದಾಗ್ತದಾ ಅಂತ 2023ರ ಟೇಮ್ ಅಧ್ಯಯನ 1700 ಜನರಲ್ಲಿ ನೋಡಿತು. ಆರು ತಿಂಗಳ ನಂತರ ಮಿದುಳು ಚೆನ್ನಾಗಿದ್ದವರು ಶೇ. 43.5, ಮಾಮೂಲಿ 35-45ರಲ್ಲಿ ಇಟ್ಟವರಲ್ಲಿ ಶೇ. 44.6. ಲಾಭವೂ ಇಲ್ಲ, ನಷ್ಟವೂ ಇಲ್ಲ.

ಉಲ್ಟಾ ತಪ್ಪು ಹೆಚ್ಚು ಅಪಾಯ. ಜೋರಾಗಿ ಹಿಂಡಿ 25ಕ್ಕೆ ಇಳಿಸಿದರೆ ಮಿದುಳಿನ ರಕ್ತನಾಳ ಸಂಕುಚಿಸ್ತದೆ.

ಮರಳುದಿಬ್ಬ · 8:44
ಹಾಗಿದ್ರೆ ಎಷ್ಟು ಸಲ, ಎಷ್ಟು ಮಿ.ಲೀ.? ಹಾಳೆಗೆ ಸಂಖ್ಯೆ ಬೇಕು.

ವೆಂಟಿ_ಮಾಣಿ · 9:02
ಎತ್ತರದಿಂದ ಲೆಕ್ಕ ಹಾಕಿ, ತೂಕದಿಂದ ಅಲ್ಲ. ಹೆಂಗಸರಿಗೆ ಎತ್ತರದ ಸೆಂ.ಮೀ.ನಿಂದ 152.4 ಕಳೆದು, 0.91ರಿಂದ ಗುಣಿಸಿ, 45.5ಕ್ಕೆ ಕೂಡಿಸಿ. ಗಂಡಸರಿಗೆ 45.5ರ ಬದಲು 50. ಈಕೆಗೆ 45 ಕೆ.ಜಿ. ಬಂತು. ಕೆ.ಜಿ.ಗೆ 6ರಿಂದ 8 ಮಿ.ಲೀ. ಅಂದರೆ ಒಂದು ಉಸಿರಿಗೆ 270ರಿಂದ 360. ದೊಡ್ಡವರ ಬ್ಯಾಗಿನ ಹೊಟ್ಟೆ ಒಂದೂವರೆ ಲೀಟರ್! ಎರಡು ಕೈಯಲ್ಲಿ ಹಿಂಡಿದರೆ ಎಲ್ಲಿಗೆ ಹೋಯ್ತು ನೋಡಿ. ಒಂದೇ ಕೈ, ಹೆಬ್ಬೆರಳು ಮತ್ತೆ ಎರಡು ಬೆರಳು, ಎದೆ ಏಳೋದು ಕಂಡ ಕೂಡಲೇ ಬಿಡಿ.

ಸಲ: ನಿಮಿಷಕ್ಕೆ 8, ಮೇಲೆಂದರೆ 10. ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್ ಇದ್ದರೆ ರೇಟ್ 10, ಒಳಗೆಳೆಯೋ ಸಮಯ 1 ಸೆಕೆಂಡ್. ಹೊರಗೆ ಬಿಡೋಕೆ 5 ಸೆಕೆಂಡ್ ಸಿಗ್ತದೆ. ಕ್ಯಾಪ್ನೋಗ್ರಾಫ್ (ಹೊರಬರೋ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯೋ ಯಂತ್ರ) ಇದ್ದರೆ ಗೆರೆ ಶಾರ್ಕ್ ಮೀನಿನ ರೆಕ್ಕೆ ಹಾಗೆ ಓರೆಯಾಗಿ ಏರ್ತಾ ಇರ್ತದೆ. ಏರ್ತಾ ಇರುವಾಗಲೇ ಮುಂದಿನ ಉಸಿರು ಬಂದರೆ ನೀವು ಇನ್ನೂ ಅವಸರದಲ್ಲಿದ್ದೀರಿ. ಅಲ್ಲಿ ತೋರಿಸೋ ಸಂಖ್ಯೆ ಸಿಒಪಿಡಿಯಲ್ಲಿ ನಿಜವಾದ ರಕ್ತದ ಅಂಕಿಗಿಂತ ಕಡಿಮೆ ಇರ್ತದೆ. ಗೆರೆ ನಂಬಿ, ಅಂಕಿ ಅರ್ಧ ನಂಬಿ.

ಸೂಪರ್_ಬೇಕೇಬೇಕು · 9:10
ಇಷ್ಟೆಲ್ಲ ಲೆಕ್ಕ ಯಾಕೆ ಬೇಕು? ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇದ್ದಿದ್ರೆ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಓಡೋದೇ ಇರ್ತಿರಲಿಲ್ಲ. 2022ರಿಂದ ಕೂಗ್ತಾ ಇದ್ದೇವೆ.

ಕಾಳಿ_ದಂಡೆ · 9:13
ಬೇಡಿಕೆ ಸರಿ. ಆದರೆ ಸೂಪರ್ ಸ್ಪೆಷಾಲಿಟಿ ಕಾರವಾರದಲ್ಲಿ ಬಂದರೂ ಭಟ್ಕಳದವರು, ಸಿದ್ದಾಪುರದವರು ಆಂಬ್ಯುಲೆನ್ಸ್‌ನಲ್ಲೇ ಬರಬೇಕು. ಬ್ಯಾಗ್ ಹಿಂಡೋ ಕೈ ಆಗಲೂ ಅದೇ.

ಸೂಪರ್_ಬೇಕೇಬೇಕು · 9:14
ಕುಮಟಾದಲ್ಲಿ ಮಾಡಲಿ ಹಾಗಾದ್ರೆ.

ಮರಳುದಿಬ್ಬ · 9:15
ಶುರುವಾಯ್ತು. ಎಲ್ಲಿ ಕಟ್ಟಬೇಕು ಅನ್ನೋದಕ್ಕೆ ಬೇರೆ ಎಳೆ ಇದೆ, ಅಲ್ಲಿ 400 ಪ್ರತಿಕ್ರಿಯೆ ಆಗಿದೆ. ಇಲ್ಲಿ ಬೇಡ.

ಸಿಲಿಂಡರ್_ಶಾಸ್ತ್ರಿ · 9:30
ಆಕ್ಸಿಜನ್ ಶೇಕಡಾ ಚರ್ಚೆ ಮಾಡುವವರು ಲೀಟರ್ ಲೆಕ್ಕ ಮರೀತಾರೆ. ಬಿ ಟೈಪ್ ಸಿಲಿಂಡರಿನ ನೀರಿನ ಅಳತೆ 10 ಲೀಟರ್. ಗೇಜ್ 150 ಬಾರ್ ತೋರಿಸಿದರೆ 10 ಗುಣಿಸು 150, 1500 ಲೀಟರ್. ನಿಮಿಷಕ್ಕೆ 15ರಂತೆ 100 ನಿಮಿಷ. ಅಂಕೋಲೆಯಿಂದ ಹೊರಟರೆ ಯಲ್ಲಾಪುರದ ಆಸುಪಾಸಿನಲ್ಲಿ ಸಿಲಿಂಡರ್ ಖಾಲಿ, ಹುಬ್ಬಳ್ಳಿ ಇನ್ನೂ ಒಂದು ಗಂಟೆ ಮೇಲೆ. ಗೇಜ್ 100 ಇದ್ದರೆ 66 ನಿಮಿಷ, ಘಟ್ಟ ಹತ್ತಿ ಆಯ್ತು ಅನ್ನುವಾಗಲೇ ಬುಸ್.

15 ಬೇಕಾಗೋದು ಯಾಕೆ? ಜೋರಾಗಿ ಹಿಂಡೋದಕ್ಕೆ. 28 ಗುಣಿಸು ಅರ್ಧ ಲೀಟರ್ ಅಂದರೇ ನಿಮಿಷಕ್ಕೆ 14 ಲೀಟರ್ ಗಾಳಿ. 10 ಸಲ 350 ಮಿ.ಲೀ. ಹಿಂಡಿದರೆ ಮೂರೂವರೆ ಲೀಟರ್. ಹಿಂದಿನ ರಿಸರ್ವಾಯರ್ ಚೀಲ ಚಪ್ಪಟೆ ಆಗದಿರೋಕೆ 6 ಲೀಟರ್ ಧಾರಾಳ ಸಾಕು. ಅದೇ ಸಿಲಿಂಡರ್ 250 ನಿಮಿಷ ಬರ್ತದೆ. ಕೈ ನಿಧಾನ ಆದರೆ ಹೃದಯವೂ ಉಳೀತು, ಸಿಲಿಂಡರೂ ಉಳೀತು.

ಅಘನಾಶಿನಿ_ನರ್ಸ್ · 9:36
ಇದು ಚೆನ್ನಾಗಿದೆ. ಆದರೆ ಒಂದೇ ಸಿಲಿಂಡರ್ ನೆಚ್ಚಿಕೊಂಡು ಹೊರಡಬೇಡಿ ಅಂತ ಸೇರಿಸಿ. ಘಟ್ಟದಲ್ಲಿ ಲಾರಿ ಅಡ್ಡ ಬಿದ್ದರೆ, ಮಳೆಗಾಲದಲ್ಲಿ ಗುಡ್ಡ ಜಾರಿದರೆ ಮೂರು ಗಂಟೆ ಆರಾಗ್ತದೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಆದದ್ದು ಯಾರಿಗೂ ಮರೆತಿಲ್ಲ.

ಗುಡ್ಡೆಹಳ್ಳಿ · 9:41
ಸರಿ, ಆದರೆ ಮೂಲ ಪ್ರಶ್ನೆಗೆ ಉತ್ತರ? 90 ಅಥವಾ 96?

ದೇವಿಮನೆ_ತಿರುವು · 9:58
ನನ್ನ ಮತ: ನಾಡಿ ಮರಳಿದ ಮೊದಲ ಹೊತ್ತು 100 ಶೇಕಡಾ ಆಕ್ಸಿಜನ್, ಬೆರಳಿನ ಯಂತ್ರದಲ್ಲಿ ಅಲೆ ಸ್ಪಷ್ಟ ಕಾಣುವವರೆಗೆ. ಅಲೆ ಇಲ್ಲದ ಸಂಖ್ಯೆ ಸಂಖ್ಯೆಯಲ್ಲ. ಅಡ್ರಿನಲಿನ್‌ಗೆ ಬೆರಳ ತುದಿ ಬಿಳಚಿ ತಣ್ಣಗಾಗಿರ್ತದೆ, ಅಲ್ಲಿ 99 ಅಂತ ಬಂದರೂ 84 ಅಂತ ಬಂದರೂ ಅನುಮಾನ ಇರಲಿ. ಕಿವಿ ಹಾಲೆಗೆ ಹಾಕಿ ನೋಡಿ. ಬೆರಳಿಗೆ ಚೊಗರೋ ಮದರಂಗಿಯೋ ಹತ್ತಿದ್ದರೆ ಅಂತೂ ಕಿವಿಯೇ ಸೈ.

ಅಲೆ ಚೆನ್ನಾಗಿ ಬಂದ ಮೇಲೆ ಇಳಿಸಿ. ಬ್ಯಾಗ್ ಹಿಂಡ್ತಾ ಇರುವವರೆಗೆ 94-96ರ ಹತ್ತಿರ ಇಟ್ಟರೆ ಸಿಒಪಿಡಿಗೂ ದೋಷ ಇಲ್ಲ. ರಕ್ತದ ಇಂಗಾಲವನ್ನು (ಕಾರ್ಬನ್ ಡೈಆಕ್ಸೈಡ್) ನಿರ್ಧರಿಸೋದು ಈಗ ಹಿಂಡೋ ಕೈ. 88-92 ಹಿಡಿಯೋ ಹೊತ್ತು ಟ್ಯೂಬ್ ತೆಗೆದು ಆಕೆ ತಾನೇ ಉಸಿರಾಡುವಾಗ ಬರ್ತದೆ.

ಕಾಳಿ_ದಂಡೆ · 10:09
ಪೂರ್ತಿ ಒಪ್ಪಲಾರೆ. ಹೆಚ್ಚು ಆಕ್ಸಿಜನ್‌ನಿಂದ ಇಂಗಾಲ ಏರೋದು ಬರೀ ಉಸಿರಾಟದ ಚಾಲನೆ ಕುಗ್ಗಿ ಅಲ್ಲ. ಕೆಟ್ಟ ಭಾಗದ ರಕ್ತನಾಳ ಮುಚ್ಚಿಕೊಂಡಿದ್ದು ಆಕ್ಸಿಜನ್ ಕೊಟ್ಟ ಕೂಡಲೇ ತೆರೀತದೆ, ಗಾಳಿ ಆಡದ ಕಡೆಗೆ ರಕ್ತ ಹರೀತದೆ. ಜೊತೆಗೆ ಹಿಮೊಗ್ಲೋಬಿನ್ ಹೊತ್ತಿದ್ದ ಇಂಗಾಲವನ್ನು ಕೆಳಗಿಳಿಸ್ತದೆ. ಇವೆರಡೂ ಟ್ಯೂಬ್ ಇದ್ದರೂ ನಡೀತವೆ.

ದೇವಿಮನೆ_ತಿರುವು · 10:15
ಆ ಎರಡು ಕಾರಣ ನಿಜ, ತಿದ್ದಿದ್ದಕ್ಕೆ ಧನ್ಯವಾದ. "ಕೈ ಮಾತ್ರ" ಅನ್ನೋ ಅರ್ಥ ಬರೋ ಹಾಗೆ ಬರೆದದ್ದು ತಪ್ಪು. ಆದರೂ ಆ ಏರಿಕೆಯನ್ನು ರೇಟ್ 8ರಿಂದ 10 ಮಾಡಿ ಸರಿದೂಗಿಸಬಹುದು. ಮಿದುಳಿಗೆ ಆಕ್ಸಿಜನ್ ಬೀಳೋದನ್ನು ಆಮೇಲೆ ಸರಿದೂಗಿಸೋಕೆ ಆಗೋದಿಲ್ಲ.

ಕಾಳಿ_ದಂಡೆ · 10:17
ಅದಕ್ಕೆ ಅಡ್ಡಿಲ್ಲ.

ಕರಿಎಲೆ_ತೋಟ · 10:22
ಇನ್ನೊಂದು. ಐಸ್ ಪ್ಯಾಕ್ ಇಟ್ಟು ತಂಪು ಮಾಡಿ ಕಳಿಸಬೇಕಾ? ಹಳೇ ಕೈಪಿಡಿಯಲ್ಲಿ 33 ಡಿಗ್ರಿ ಅಂತಿದೆ.

ದೇವಿಮನೆ_ತಿರುವು · 10:35
ಬೇಡ. 2002ರಲ್ಲಿ ಎರಡು ಅಧ್ಯಯನ ಬಂದು 33 ಡಿಗ್ರಿ ಎಲ್ಲ ಕಡೆ ಹಬ್ಬಿತು. 2013ರಲ್ಲಿ 33ಕ್ಕೂ 36ಕ್ಕೂ ವ್ಯತ್ಯಾಸ ಕಾಣಲಿಲ್ಲ. 2021ರ ಟಿಟಿಎಂ-2 ಅಧ್ಯಯನದಲ್ಲಿ 33 ಡಿಗ್ರಿ ಮತ್ತು ಬರೀ ಜ್ವರ ತಡೆಯೋದು ಎರಡನ್ನೂ ಹೋಲಿಸಿದರು, 1900 ಜನ. ಆರು ತಿಂಗಳಲ್ಲಿ ಸಾವು ಶೇ. 50 ಮತ್ತು ಶೇ. 48. ತಂಪು ಮಾಡಿದವರಲ್ಲಿ ಹೃದಯದ ಬಡಿತ ದಾರಿ ತಪ್ಪಿದ್ದು ಹೆಚ್ಚು. ಪಿಇಎಯಂಥ ಶಾಕ್ ಕೊಡಲಾಗದ ಸ್ತಂಭನದಲ್ಲಿ 2019ರ ಫ್ರಾನ್ಸಿನ ಹೈಪೀರಿಯನ್ ಅಧ್ಯಯನ ಮಾತ್ರ 33ರ ಪರ ಬಂತು: ಮಿದುಳು ಚೆನ್ನಾಗಿ ಉಳಿದವರು 33ರಲ್ಲಿ ಶೇ. 10.2, 37ರಲ್ಲಿ ಶೇ. 5.7. ಅದಕ್ಕೇ ವಾದ ಪೂರ್ತಿ ಮುಗಿದಿಲ್ಲ. ಆದರೆ ಅದು ಐಸಿಯು ವಾದ.

ಗಾಡಿಯಲ್ಲಿ 4 ಡಿಗ್ರಿಯ ಸಲೈನ್ ಎರಡು ಲೀಟರ್ ಏರಿಸೋದನ್ನು ಸಿಯಾಟಲ್‌ನಲ್ಲಿ ನೋಡಿ 2014ರಲ್ಲಿ ಪ್ರಕಟಿಸಿದರು. ಲಾಭ ಇಲ್ಲ, ದಾರಿಯಲ್ಲೇ ಮತ್ತೆ ಹೃದಯ ನಿಂತದ್ದು ಹೆಚ್ಚು, ಶ್ವಾಸಕೋಶಕ್ಕೆ ನೀರು ತುಂಬಿದ್ದೂ ಹೆಚ್ಚು. ಈಕೆಯ ಶ್ವಾಸಕೋಶಕ್ಕೆ ಅದೊಂದು ಕಡಿಮೆ ಇತ್ತು.

ಹಾಳೆಯಲ್ಲಿ ಹೀಗೆ ಬರೆಯಿರಿ: ತಂಪು ಬೇಡ, 37.5 ದಾಟಲು ಬಿಡಬೇಡಿ. ಕರಾವಳಿ ಮೇ ತಿಂಗಳಲ್ಲಿ ಗಾಡಿಯ ಎಸಿ ಹಾಕಿದರೇ ಅರ್ಧ ಕೆಲಸ ಆಯ್ತು.

ಅಘನಾಶಿನಿ_ನರ್ಸ್ · 10:44
ನೆಬ್ಯುಲೈಸರ್ ಬಿಟ್ಟುಹೋಯ್ತು. ಟ್ಯೂಬಿಗೆ ಟಿ-ಪೀಸ್ ಜೋಡಿಸಿ ಸಾಲ್ಬುಟಮಾಲ್ ಕೊಡ್ತಾ ಇರಬೇಕು, ಗಾಳಿ ಹೊರಗೆ ಬರೋ ದಾರಿ ಅಗಲ ಆದಷ್ಟೂ ಬಿಪಿಗೂ ಒಳ್ಳೇದು. ಆಕ್ಸಿಜನ್‌ನಿಂದ ನಡೆಸಿದರೆ ಅದೊಂದೇ 6ರಿಂದ 8 ಲೀಟರ್ ಕುಡೀತದೆ, ಸಿಲಿಂಡರ್ ಶಾಸ್ತ್ರಿಗಳ ಲೆಕ್ಕ ಕೆಡ್ತದೆ. ಇನ್ವರ್ಟರಿಗೆ ಹಾಕೋ ಗಾಳಿ ಕಂಪ್ರೆಸರ್ ಬಳಸಿ.

ಮತ್ತೆ ಬಿಪಿ. ಕಳಚಿ ಬಿಟ್ಟ ಮೇಲೂ ಸರಾಸರಿ ಒತ್ತಡ 65ರ ಕೆಳಗಿದ್ದರೆ ಬಿಪಿ ಏರಿಸೋ ನಾರ್ ಅಡ್ರಿನಲಿನ್. 4 ಮಿ.ಗ್ರಾಂ 50 ಮಿ.ಲೀ.ಗೆ ಬೆರೆಸಿದರೆ ಮಿ.ಲೀ.ಗೆ 80 ಮೈಕ್ರೋಗ್ರಾಂ. ನಿಮಿಷಕ್ಕೆ 5 ಮೈಕ್ರೋಗ್ರಾಂ ಬೇಕಾದರೆ ಗಂಟೆಗೆ 3.75 ಮಿ.ಲೀ. ಮೊಣಕೈ ಹತ್ತಿರದ ದೊಡ್ಡ ರಕ್ತನಾಳದಲ್ಲಿ (ವೇನ್) ಹಾಕಿ, ಸೂಜಿ ಸುತ್ತ ಬಿಳಚೋದು, ಊದೋದು ನೋಡ್ತಾ ಇರಿ. ವೈದ್ಯರ ಆದೇಶ ಬರೆಸಿಕೊಂಡೇ ಹೊರಡಿ, ಘಟ್ಟದ ಮಧ್ಯೆ ಫೋನ್ ಸಿಗೋದಿಲ್ಲ.

ಅಡಿಕೆ_ಚಪ್ಪರ · 10:52
ಇಸಿಜಿ ಯಾವಾಗ? ತಾಲೂಕು ಆಸ್ಪತ್ರೆಗಳಲ್ಲಿ ಹೃದಯಜ್ಯೋತಿ ಯೋಜನೆಯ ಟೆನೆಕ್ಟೆಪ್ಲೇಸ್ (ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್) ಇದೆ, ಹೊರಡೋ ಮುಂಚೆ ಕೊಡಬೇಕಾ?

ದೇವಿಮನೆ_ತಿರುವು · 11:03
ನಾಡಿ ಬಂದ ಕೂಡಲೇ ತೆಗೆದ ಇಸಿಜಿ ಸುಳ್ಳು ಹೇಳ್ತದೆ. 2021ರಲ್ಲಿ ಇಟಲಿಯ ತಂಡ ಬರೆದದ್ದು: ಮೊದಲ 7 ನಿಮಿಷದೊಳಗೆ ತೆಗೆದವುಗಳಲ್ಲಿ ಹೃದಯಾಘಾತ ಅಂತ ತಪ್ಪು ತೋರಿಸಿದ್ದು ಶೇ. 18.5, ಅರ್ಧ ಗಂಟೆ ಮೇಲೆ ಆದರೆ ಶೇ. 5.8. ಕನಿಷ್ಠ 8 ನಿಮಿಷ ಕಾಯಿರಿ. ಪಕ್ಕೆಲುಬು ಮುರಿದ ಎದೆಗೆ ಹೆಪ್ಪು ಕರಗಿಸೋ ಮದ್ದು ಸುಮ್ಮನೆ ಕೊಡೋದಲ್ಲ. ಈಕೆಯ ಸ್ತಂಭನ ದಮ್ಮಿನಿಂದ ಶುರುವಾದದ್ದು ಅನ್ನೋದು ಮರೀಬೇಡಿ.

ಪದಕೋಶ_ಭಟ್ಟ · 11:08
ಹೃದಯಸ್ತಂಭನ, ಹೃದಯಾಘಾತ ಎರಡನ್ನೂ ಇಲ್ಲಿ ಬೇರೆ ಬೇರೆ ಬಳಸಿದ್ದು ಕಂಡು ಸಂತೋಷ ಆಯ್ತು. ಪತ್ರಿಕೆಗಳಲ್ಲಿ ಎಲ್ಲವೂ ಹೃದಯಾಘಾತ. ಆಘಾತ ಅಂದರೆ ಕೊಳವೆ ಕಟ್ಟಿದ್ದು, ಸ್ತಂಭನ ಅಂದರೆ ಪಂಪ್ ನಿಂತದ್ದು.

ಮರಳುದಿಬ್ಬ · 11:10
ಭಟ್ಟರು ಬಂದರು, ಇನ್ನು ರಾತ್ರಿ ಪೂರ್ತಿ.

ತದಡಿ_ಬೋಟ್ · 11:16
ಸಮುದ್ರದಲ್ಲಿ ಮುಳುಗಿದವರಿಗೂ ಇದೇ ಲೆಕ್ಕವಾ? ಗೋಕರ್ಣ, ಮುರ್ಡೇಶ್ವರದಲ್ಲಿ ಬೇಕಾಗೋದು ಅದೇ.

ವೆಂಟಿ_ಮಾಣಿ · 11:25
ಅಲ್ಲ. ಮುಳುಗಿದವರಲ್ಲಿ ಮೊದಲು ಕಡಿಮೆ ಆಗೋದು ಆಕ್ಸಿಜನ್, ಹೃದಯ ಆಮೇಲೆ ನಿಲ್ಲೋದು. ಬರೀ ಎದೆ ಒತ್ತೋ ಸಿಪಿಆರ್ ಅಲ್ಲಿ ಸಾಲದು. ಯುರೋಪಿನ ಪದ್ಧತಿಯಲ್ಲಿ ಮೊದಲು 5 ಉಸಿರು, ಆಮೇಲೆ 30ಕ್ಕೆ 2. ಒತ್ತೋದು ಮಾಮೂಲಿ ಹಾಗೇ, 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100-120. ಹೊಟ್ಟೆ ಒತ್ತಿ ನೀರು ತೆಗೆಯೋದು, ಕಾಲು ಹಿಡಿದು ತಲೆಕೆಳಗು ಮಾಡೋದು ದಡದಲ್ಲಿ ಈಗಲೂ ನಡೀತದೆ. ಬರೋದು ಹೊಟ್ಟೆಯ ನೀರು, ಅದೇ ಶ್ವಾಸಕೋಶಕ್ಕೆ ಹೋಗ್ತದೆ. ಬಾಯಲ್ಲಿ ನೊರೆ ಬಂದರೆ ಒರೆಸ್ತಾ ಕೂರಬೇಡಿ, ಅದರ ಮೇಲೇ ಉಸಿರು ಕೊಡಿ. ಎಇಡಿ (ಹೃದಯಕ್ಕೆ ಶಾಕ್ ಕೊಡೋ ಯಂತ್ರ) ಇದ್ದರೆ ಎದೆ ಒರೆಸಿ ಒಣಗಿಸಿಯೇ ಪ್ಯಾಡ್ ಹಚ್ಚಿ.

ಅಡಿಕೆ_ಚಪ್ಪರ · 11:31
ಆಕ್ಸಿಜನ್ ವಿಷಯ ಬಂದದ್ದಕ್ಕೆ ಒಂದು ಮಾತು. ತೋಟದ ಕಡೆಯಿಂದ ಬರೋ ಪ್ಯಾರಾಕ್ವಾಟ್ ಕೇಸಿಗೆ ಇಲ್ಲಿನ ಯಾವ ಸಂಖ್ಯೆಯೂ ಹೊಂದೋದಿಲ್ಲ. ಆ ಕಳೆನಾಶಕ ಶ್ವಾಸಕೋಶದಲ್ಲೇ ಸೇರಿಕೊಳ್ತದೆ, ಆಕ್ಸಿಜನ್ ಸಿಕ್ಕಷ್ಟೂ ಸುಡ್ತದೆ. ಸ್ಯಾಚುರೇಶನ್ ತೀರಾ ಕೆಳಗಿಳಿಯದೆ ಮಾಸ್ಕ್ ಹಾಕಬಾರದು. ಹಾಳೆಯ ಅಡಿಯಲ್ಲಿ ಒಂದು ಸಾಲು ಇರಲಿ.

ಕರಿಎಲೆ_ತೋಟ · 11:38
ಬರೆದುಕೊಂಡೆ. ಕೇಸಿನ ಉತ್ತರ ಹೀಗೆ ಇಡ್ತೇನೆ: ಬ್ಯಾಗ್ ಕಳಚು, ಬಿಪಿ ನೋಡು, ನಿಮಿಷಕ್ಕೆ 8-10, ಒಂದೇ ಕೈ, ಅಲೆ ನೋಡಿ ಆಕ್ಸಿಜನ್ ಇಳಿಸು. ಎರಡು ಸಿಲಿಂಡರ್.

ಸಿಲಿಂಡರ್_ಶಾಸ್ತ್ರಿ · 11:41
ಎರಡು ಸಿಲಿಂಡರ್ ಜೊತೆ ಎರಡು ಕೀ. ಮೊದಲನೇದು ಖಾಲಿ ಆದ ಮೇಲೆ ಕೀ ಹುಡುಕ್ತಾ ಕೂತರೆ ಕತೆ ಮುಗೀತು. ಸಿಲಿಂಡರಿಗೇ ದಾರದಲ್ಲಿ ಕಟ್ಟಿಡಿ.

ಅಘನಾಶಿನಿ_ನರ್ಸ್ · 11:43
ದಾರ ಬೇಡ, ಯಾರಾದರೂ ಬಿಚ್ಚಿಕೊಂಡು ಹೋಗ್ತಾರೆ. ಸರಪಳಿ.